ಎರಡು ಮೊಳ ಮಲ್ಲಿಗೆ

ಈ ವರಮಹಾಲಕ್ಷ್ಮಿ ಹಬ್ಬಕ್ಕೆ ನಮ್ಮತ್ತೆ ಎರಡು ಮೊಳ ಮಲ್ಲಿಗೆ ಕಟ್ಟಿದರು. ಹೋದ ವರ್ಷ ಇದೇ ಹಬ್ಬದ ದಿನ ಕಲಶದ ತೆಂಗಿನಕಾಯಿ ಎತ್ತಿಕೊಂಡು 'ಮನೆಗೆ ಹೋಗ್ತೀನಿ' ಅಂತ ಗೇಟು ದಾಟಿದ್ದರು. ಅದಕ್ಕೇ ನಮ್ಮ ಥೆರಪಿಸ್ಟ್ ಮೇಡಂಗೆ ಥ್ಯಾಂಕ್ಸ್ ಹೇಳೋ ಈ ನಾಲ್ಕು ಮಾತು.

ಮರೆವು ಶುರುವಾದಾಗ ಎಲ್ಲರೂ ಅರಳು ಮರಳು ಅಂದರು. ಮೊದಲು ತೋರಿಸಿದ ಡಾಕ್ಟರೂ 'ವಯಸ್ಸಾಯ್ತಲ್ಲ' ಅಂತ ಟಾನಿಕ್ ಬರೆದುಕೊಟ್ಟರು. ಎರಡು ವರ್ಷ ಹಾಗೇ ಹೋಯಿತು. ಕೊನೆಗೆ ನಿಮ್ಹಾನ್ಸ್‌ನಲ್ಲಿ ಇದು ಆಲ್ಝೈಮರ್ ಅನ್ನೋ ಮರೆವಿನ ಕಾಯಿಲೆ ಅಂತ ಗೊತ್ತಾಯಿತು. ಮಾತ್ರೆಯ ಜೊತೆ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರನ್ನು ನೋಡಿ ಅಂದರು. ಆಕ್ಯುಪೇಷನ್ ಅಂದ್ರೆ ಉದ್ಯೋಗ ಅಲ್ವಾ? 78ರ ಅತ್ತೆಗೆ ಈಗ ಯಾವ ಕೆಲಸ ಕೊಡಿಸ್ತಾರೋ ಅಂತ ನಾನೂ ನಮ್ಮನೆಯವರೂ ನಕ್ಕಿದ್ದೆವು. ಊಟ, ಸ್ನಾನದಂಥ ದಿನದ ಕೆಲಸಗಳನ್ನು ಆದಷ್ಟು ತಾವೇ ಮಾಡಿಕೊಳ್ಳೋ ಹಾಗೆ ನೆರವಾಗುವವರು ಅಂತ ಆಮೇಲೆ ಗೊತ್ತಾಯಿತು.

ಮೇಡಂ, ಮೈಸೂರಿನ ನಮ್ಮ ಮನೆಗೆ ಬಂದ ಮೊದಲ ದಿನ ನೀವು ಫೈಲು ಬಿಚ್ಚಲೇ ಇಲ್ಲ. ಮನೆಯೆಲ್ಲ ಒಂದು ಸುತ್ತು ಹಾಕಿದಿರಿ. ಬಚ್ಚಲ ಬಾಗಿಲಲ್ಲಿದ್ದ ಕಪ್ಪು ಮ್ಯಾಟ್ ತೆಗೆಸಿದಿರಿ. 'ಅವರ ಕಣ್ಣಿಗೆ ಇದು ಗುಂಡಿ ಥರ ಕಾಣ್ತಿರಬಹುದು' ಅಂದಿರಿ. ಸ್ನಾನಕ್ಕೆ ಹಟ ಮಾಡ್ತಾರೆ ಅಂತ ನಾನು ದಿನಾ ರೇಗುತ್ತಿದ್ದೆನಲ್ಲ! ಸ್ಟೀಲ್ ತಟ್ಟೆ ಬಿಡಿಸಿ ಬಾಳೆಎಲೆ ಹಾಕಿಸಿದಿರಿ. ಹಸಿರಿನ ಮೇಲೆ ಅನ್ನ ಎದ್ದು ಕಂಡಿತೋ ಏನೋ, ಅವತ್ತು ಮೊಸರನ್ನದವರೆಗೂ ಉಂಡರು.

ಆಮೇಲೆ ಹೂವು. ಇದು ಯಾವ ತಿಂಗಳು ಅಂದರೆ ತಡವರಿಸುವವರ ಮುಂದೆ ಬಾಳೆನಾರು, ಬಿಡಿ ಹೂ ಇಟ್ಟು ಸುಮ್ನೆ ಕೂತಿರಿ. 'ಕಟ್ಟಿ' ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆ ನಾರನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡರು. ಎರಡು ಹೂ ಆ ಕಡೆ, ಎರಡು ಈ ಕಡೆ, ಒಂದು ಸುತ್ತು, ಒಂದು ಗಂಟು. ತಲೆ ಮರೆತ ಮೇಲೂ ಕೈಗೆ ಎಷ್ಟೋ ದಿನ ನೆನಪಿರುತ್ತೆ ಅಂತ ಆಮೇಲೆ ಹೇಳಿದಿರಿ.

ಈಗ ದಿನಾ ನಾಲ್ಕು ಗಂಟೆಗೆ ಹೂವು. ಕತ್ತಲಾಗುವ ಮುಂಚೆಯೇ ಎಲ್ಲ ಲೈಟು. 'ಮನೆಗೆ ಹೋಗಬೇಕು' ಅಂದರೆ 'ಇದೇ ನಿಮ್ಮನೆ' ಅಂತ ವಾದ ಮಾಡುವುದಿಲ್ಲ. 'ಕಾಫಿ ಕುಡ್ಕೊಂಡು ಹೋಗೋಣ ಬನ್ನಿ ಅತ್ತೆ' ಅಷ್ಟೇ. ದಿನಾ ನಡೆಯುತ್ತೆ ಅಂತಲ್ಲ. ಹೋದ ವಾರ ಮೊಗ್ಗನ್ನೇ ಬಾಯಿಗೆ ಹಾಕಿಕೊಂಡರು.

'ನೀವು ರಾತ್ರಿ ಎಷ್ಟು ಹೊತ್ತು ಮಲಗ್ತೀರಿ?' ಅಂತ ನನ್ನನ್ನು ಕೇಳಿದವರು ನೀವೊಬ್ಬರೇ. ಉತ್ತರ ಬರದೆ ಅತ್ತುಬಿಟ್ಟೆ. ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ, ಅಂದ್ರೆ ಆಲ್ಝೈಮರ್‌ನಂಥ ಮರೆವಿನ ಕಾಯಿಲೆ ಇದೆ, ಅಷ್ಟೂ ಮನೆಗಳಲ್ಲಿ ಯಾರೋ ಒಬ್ಬರು ನಿಮ್ಮ ಹಾಗೇ ನಿದ್ದೆಗೆಟ್ಟಿರ್ತಾರೆ ಅಂದಿರಿ. ನಮ್ಮನೆಯವರನ್ನು ಕೂರಿಸಿಕೊಂಡು, ಭಾನುವಾರ ಬೆಳಗ್ಗೆ ಪೂರ್ತಿ ಅವರ ಪಾಳಿ ಅಂತ ಕ್ಯಾಲೆಂಡರಿನಲ್ಲಿ ಅವರ ಕೈಯಲ್ಲೇ ಬರೆಸಿದಿರಿ. ಈಗ ಭಾನುವಾರ ಹತ್ತರವರೆಗೆ ಮಲಗುತ್ತೇನೆ. ಇಂಥ ಭಾಗ್ಯ ಎಷ್ಟು ಸೊಸೆಯರಿಗಿದೆ ಹೇಳಿ!

ಹೋದ ವರ್ಷ ಗೇಟು ದಾಟಿದ ಅತ್ತೆಯನ್ನು ಕೈಹಿಡಿದು ಕರೆತಂದ ಎಳನೀರಿನವರಿಗೂ, ತೊಟ್ಟು ಉದ್ದ ಇರುವ ಮೊಗ್ಗನ್ನೇ ಆರಿಸಿಕೊಡುವ ದೇವರಾಜ ಮಾರುಕಟ್ಟೆಯ ಹೂವಿನಮ್ಮನಿಗೂ ಥ್ಯಾಂಕ್ಸ್.

ಮೇಡಂ, ಎರಡು ಮೊಳದಲ್ಲಿ ಒಂದು ದೇವಿಗೆ ಏರಿತು. ಇನ್ನೊಂದನ್ನು ಎಲೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿ ಇಟ್ಟಿದ್ದೇನೆ. ಬಾಡುವ ಮುಂಚೆ ಬನ್ನಿ.