ನಾಲ್ಕು ಬ್ರೋಷರ್, ನಾಲ್ಕೂ ಖಾಸಗಿ!

ಮಾನ್ಯರೇ,

ಮಗಳನ್ನು ಎಂ.ಎಸ್. ಓದಲು ಜರ್ಮನಿಗೆ ಕಳಿಸೋಣ ಎಂದು ಒಂದು ಕನ್ಸಲ್ಟೆನ್ಸಿಗೆ ಹೋಗಿದ್ದೆವು. ಕಾಫಿ ಕೊಟ್ಟು ನಾಲ್ಕು ಬ್ರೋಷರ್ ಮುಂದಿಟ್ಟರು. ನಾಲ್ಕೂ ಖಾಸಗಿ ಕಾಲೇಜು! ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ ಎಂದು ಅವರು ಬಾಯಿಬಿಡಲಿಲ್ಲ. ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿಯ ವೆಬ್‌ಸೈಟಿನಲ್ಲಿ ಮಗಳೇ ಹುಡುಕಿದಳು. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಾದರೆ ನಮ್ಮವರಿಗೆ ಸೆಮಿಸ್ಟರಿಗೆ 1,500 ಯೂರೊ ಇದೆ, ನಿಜ.

ಹಾಗಂತ ಸುಮ್ನೆ ಹೊರಡುವಂತಿಲ್ಲ. ವೀಸಾಕ್ಕೆ ವರ್ಷದ ಖರ್ಚು ತೋರಿಸಲು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಖಾತೆ) 11,904 ಯೂರೊ ಇಡಬೇಕು. ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟೂ ಬೇಕು. ಕೊನೆ ಗಳಿಗೆಯಲ್ಲಿ ಓಡಾಡಿದರೆ ಇದು ಕೈಗೆ ಸಿಗದು. ನಾವು ಒಂದು ಸೆಮಿಸ್ಟರ್ ಕಳೆದುಕೊಂಡಿದ್ದು ಹೀಗೇ.

ನಮ್ಮ ಕಾಲೇಜುಗಳು ಕ್ಯಾಂಪಸ್ ಸಂದರ್ಶನಕ್ಕೆ ವಾರಗಟ್ಟಲೆ ತರಬೇತಿ ಕೊಡುತ್ತವೆ. ವಿದೇಶದ ಓದಿನ ಇಂಥ ಮಾಹಿತಿಗೂ ಒಂದು ಮಧ್ಯಾಹ್ನ ಕೊಡಬಹುದು, ಅಲ್ವಾ?

– ಒಬ್ಬ ತಾಯಿ, ತುಮಕೂರು