ಸ್ನಾನ ಮುಗಿಯುವವರೆಗೆ ಕಾಯಬೇಕು

ಪ್ರೀತಿಯ ಗೆಳೆಯ,

ಆ ಬಾತು ರೆಕ್ಕೆ ಬಡಿಯುವ ಫೋಟೋ ಸಿಕ್ಕಿತಾ ಅಂತ ಫೋನಿನಲ್ಲಿ ಕೇಳಿದ್ದೆಯಲ್ಲ, ಸಿಕ್ಕಿತು ಕಣೋ! ಈ ಭಾನುವಾರ, ಮೈಸೂರಿನ ನಮ್ಮ ಕುಕ್ಕರಹಳ್ಳಿ ಕೆರೆಯಲ್ಲೇ. ಮಾನಸಗಂಗೋತ್ರಿಯ ಯೂನಿವರ್ಸಿಟಿಯಲ್ಲಿ ಓದುವಾಗ ಸಂಜೆ ಹೊತ್ತು ಕೂರುತ್ತಿದ್ದೆವಲ್ಲ, ಅದೇ ದಡ.

ಮೂರು ತಿಂಗಳಿಂದ ಒಂದೇ ತಪ್ಪು ಮಾಡುತ್ತಿದ್ದೆ. ಬಾತು ರೆಕ್ಕೆ ಎತ್ತಿದ ಮೇಲೆ ನಾನು ಕ್ಯಾಮೆರಾ ಎತ್ತುತ್ತಿದ್ದೆ. ನಾಲ್ಕೈದು ಸಲ ಬಡಿದು ಅದು ಮತ್ತೆ ನೀರಿಗೆ ಕೂತುಬಿಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕೇ ಈ ಸಲ ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ಒಂದು ಗಂಟೆ ಸುಮ್ನೆ ನೋಡಿದೆ.

ಚುಕ್ಕೆಕೊಕ್ಕಿನ ಬಾತುಗಳು ಎಂಟೊಂಬತ್ತು ಇದ್ದವು. ಕಪ್ಪು ಕೊಕ್ಕು, ತುದಿಗೆ ಹಳದಿ, ಬುಡದಲ್ಲಿ ಕೆಂಪು ಚುಕ್ಕೆ. ಒಂದು ಸ್ನಾನಕ್ಕಿಳಿಯಿತು. ತಲೆ ಮುಳುಗಿಸಿ ಎತ್ತಿ, ನೀರನ್ನು ಬೆನ್ನ ಮೇಲೆ ಎರಚಿಕೊಳ್ಳುತ್ತಿತ್ತು. ಮತ್ತೆ ಮತ್ತೆ ಅದೇ. ಆಮೇಲೆ ಒಂದು ಗಳಿಗೆ ತಟಸ್ಥ. ಕತ್ತು ನೆಟ್ಟಗಾಯಿತು, ಎದೆ ನೀರಿನಿಂದ ಮೇಲೆದ್ದಿತು, ಪಟಪಟ ಅಂತ ರೆಕ್ಕೆ ಕೊಡವಿತು. ಗರಿಯ ನೀರೆಲ್ಲ ಹೋದ ಮೇಲೆ ಬಾಲದ ಬುಡದ ಎಣ್ಣೆ ಗ್ರಂಥಿಗೆ ಕೊಕ್ಕು ಉಜ್ಜಿ, ಮೈಗೆಲ್ಲ ಸವರಿಕೊಂಡಿತು. ನಮ್ಮದು ಎಣ್ಣೆ ಹಚ್ಚಿ ಆಮೇಲೆ ಸ್ನಾನ, ಅದರದ್ದು ಸ್ನಾನ ಆಗಿ ಆಮೇಲೆ ಎಣ್ಣೆ!

ಅಂದರೆ ಸೂಚನೆ ಮೊದಲೇ ಕೊಡುತ್ತದೆ, ಅಲ್ವಾ? ಇನ್ನೊಂದು ಬಾತು ಸ್ನಾನ ಶುರು ಮಾಡಿದಾಗ ನಾನು ಸಿದ್ಧನಾಗಿದ್ದೆ. ಬೆನ್ನಿಗೆ ಎಳೆ ಬಿಸಿಲು. ನೀರಿನ ಮಟ್ಟಕ್ಕೆ ಆದಷ್ಟು ತಗ್ಗಿ ಕೂತೆ. ಶಟರ್ ವೇಗ ಸೆಕೆಂಡಿನ 1/2000 ಭಾಗ, ಫೋಕಸ್ ಬಾತಿನ ಕಣ್ಣಿನ ಮೇಲೆ. ಒಂದು ಮಾತು ನೆನಪಿಟ್ಟುಕೋ, ಜೂಮ್ ಸ್ವಲ್ಪ ಹಿಂದಕ್ಕೆ ಎಳೆದಿಡು. ಕೂತ ಬಾತಿಗೆ ಫ್ರೇಮ್ ತುಂಬಿಸಿದರೆ, ರೆಕ್ಕೆ ಬಿಚ್ಚಿದಾಗ ಎರಡೂ ತುದಿ ಕತ್ತರಿಸಿ ಹೋಗುತ್ತವೆ. ಹಾಗೆ ಕಳೆದುಕೊಂಡ ಫೋಟೋಗಳು ನನ್ನ ಹತ್ತಿರ ಬೇಕಾದಷ್ಟಿವೆ. ಕತ್ತು ನೆಟ್ಟಗಾದ ಕೂಡಲೇ ಬಟನ್ ಒತ್ತಿ ಹಿಡಿದೆ.

ಮನೆಗೆ ಬಂದು ನೋಡಿದರೆ, ಏನು ಹೇಳಲಿ! ಕೂತಾಗ ಮಣ್ಣಿನ ಬಣ್ಣದ ಹಕ್ಕಿ. ರೆಕ್ಕೆ ಬಿಚ್ಚಿದಾಗ ಹಸಿರು ಪಟ್ಟಿ ಮಿಂಚುತ್ತಿದೆ, ಅದರ ಅಂಚಿಗೆ ಕಪ್ಪು, ಬಿಳಿ. ಸುತ್ತ ಹನಿಗಳು, ಒಂದೊಂದರಲ್ಲೂ ಬಿಸಿಲು. ರೆಕ್ಕೆಯ ತುದಿ ಮಾತ್ರ ಸ್ವಲ್ಪ ಮಸುಕಾಗಿದೆ. ನನಗದು ಇಷ್ಟವೇ, ಬಡಿತ ಅಲ್ಲೇ ಕಾಣುತ್ತದೆ.

ಪಕ್ಕದಲ್ಲಿದ್ದ ಹುಡುಗನೊಬ್ಬ ಹಾರುವ ಫೋಟೋ ಬೇಕು ಅಂತ ಕಲ್ಲು ಎತ್ತಿಕೊಂಡ. ಬೇಡಪ್ಪ ಅಂದೆ. ಹೆದರಿ ಎದ್ದ ಹಕ್ಕಿಯ ಫೋಟೋ ನನಗೆ ಬೇಡ. ಅವನನ್ನು ಪಕ್ಕ ಕೂರಿಸಿಕೊಂಡು, ಸ್ನಾನ ಮಾಡುತ್ತಿದ್ದ ಬಾತನ್ನು ತೋರಿಸಿದೆ. ಅದು ರೆಕ್ಕೆ ಕೊಡವಿದಾಗ ನನಗಿಂತ ಜೋರಾಗಿ ಅವನೇ ಕೂಗಿದ.

ಸಂಕ್ರಾಂತಿಗೆ ಬರುತ್ತೀಯಲ್ಲ, ಬೆಳಿಗ್ಗೆ ಆರೂವರೆಗೆ ಗೇಟಿನ ಹತ್ತಿರ ಇರುತ್ತೇನೆ. ನಿನ್ನ ಆ ಹಳೇ ಲೆನ್ಸ್ ಮರೆಯದೆ ತಾ.

ನಿನ್ನ ಗೆಳೆಯ