ಬಿಳಿ ಇಲಿಗಳಿಗೂ ದತ್ತು ಮನೆ ಸಿಗಲಿ

ಮಾನ್ಯ ಸಂಪಾದಕರೇ,

ಬೀದಿನಾಯಿ ಮತ್ತು ಬೆಕ್ಕುಗಳನ್ನು ದತ್ತು ಪಡೆಯುವ ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಸಕಾಲಿಕವಾಗಿತ್ತು. ಅದೇ ಮಾತನ್ನು ಇಲಿಗೂ ಅನ್ವಯಿಸಬೇಕೆಂದು ಕೋರುವುದು ಈ ಪತ್ರದ ಉದ್ದೇಶ. ಪ್ರಯೋಗಾಲಯಗಳಲ್ಲಿ ಬಳಕೆಗೆ ಬಾರದೆ ಉಳಿಯುವ ಆರೋಗ್ಯವಂತ ಬಿಳಿ ಇಲಿಗಳನ್ನೂ, ಮಕ್ಕಳ ಹಟಕ್ಕೆ ಅಂಗಡಿಯಿಂದ ತಂದು ಆಮೇಲೆ ಯಾರಿಗೂ ಬೇಡವಾದ ಇಲಿಗಳನ್ನೂ ಸಾಕಲು ಸಿದ್ಧರಿರುವ ಮನೆಗಳಿಗೆ ಒಪ್ಪಿಸುವ ಕ್ರಮಬದ್ಧ ವ್ಯವಸ್ಥೆಯೊಂದು ನಮ್ಮ ರಾಜ್ಯದಲ್ಲಿ ಬರಬೇಕು. ಇದನ್ನು ಓದಿ ಹಲವರಿಗೆ ನಗು ಬರಬಹುದು. ಗಣೇಶನ ವಾಹನವೆಂಬ ಕಾರಣಕ್ಕೆ ಇಲಿ ಸಾಕಿ ಎಂದು ನಾನು ಹೇಳುತ್ತಿಲ್ಲ. ಭಕ್ತಿಯೊಂದರಿಂದಲೇ ಪಂಜರ ಸ್ವಚ್ಛವಾಗುವುದಿಲ್ಲ.

ಕಾನೂನಿನಲ್ಲಿ ಇದಕ್ಕೆ ಆಧಾರವಿಲ್ಲವೆಂದೇನೂ ಇಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ, ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ನಿಯಂತ್ರಿಸಲು 1998ರಲ್ಲಿ ನಿಯಮಗಳನ್ನು ರೂಪಿಸಲಾಯಿತು. ಪ್ರಯೋಗ ಮುಗಿದ ಮೇಲೆ ಪ್ರಾಣಿಯ ಆರೈಕೆ ಮತ್ತು ಪುನರ್ವಸತಿ ಸಂಶೋಧಕರದೇ ಹೊಣೆ, ಅದರ ವೆಚ್ಚವೂ ಸಂಶೋಧನಾ ವೆಚ್ಚದ ಭಾಗ ಎಂಬುದು ನಂತರದ ತಿದ್ದುಪಡಿಯಲ್ಲಿ ಸೇರಿದೆ. ಈ ನಿಯಮದ ಫಲ ಹೆಚ್ಚಾಗಿ ಕಂಡಿರುವುದು ನಾಯಿಗಳ ವಿಷಯದಲ್ಲಿ. ಪ್ರಯೋಗಾಲಯದಿಂದ ಬಿಡುಗಡೆಯಾದ ಬೀಗಲ್ ನಾಯಿಗಳನ್ನು ಬೆಂಗಳೂರಿನ ಅನೇಕ ಕುಟುಂಬಗಳು ಮನೆಗೆ ತಂದು ಸಾಕಿವೆ. ಇಲಿಯ ಸರದಿ ಬಂದಾಗ ಮಾತ್ರ, ಅದರ ಗಾತ್ರ ಚಿಕ್ಕದು, ಸಂಖ್ಯೆ ದೊಡ್ಡದು ಎಂಬ ಕಾರಣಕ್ಕೆ, ಪುನರ್ವಸತಿಯ ಯೋಚನೆಯೇ ಯಾರಿಗೂ ಬರುವುದಿಲ್ಲ. ಸೋಂಕು ಹಚ್ಚಿದ ಇಲಿ ಅಥವಾ ವಂಶವಾಹಿ ಮಾರ್ಪಡಿಸಿದ ಇಲಿ ಹೊರಗೆ ಬರಬಾರದು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಮರಿ ಹಾಕುವ ವಯಸ್ಸು ಮುಗಿದ ಹೆಣ್ಣಿಲಿಗಳು, ಪ್ರಯೋಗಕ್ಕೆ ಬೇಕಾದ ಲಿಂಗ ಅಥವಾ ವಯಸ್ಸು ಅಲ್ಲವೆಂದು ಪಕ್ಕಕ್ಕಿಟ್ಟ ಸಾಮಾನ್ಯ ಇಲಿಗಳು ಯಾವ ಅಪಾಯವನ್ನೂ ಹೊತ್ತು ತರುವಂಥವಲ್ಲ. ಅವುಗಳಿಗೆ ಸಾವೊಂದೇ ದಾರಿ ಎನ್ನುವುದಕ್ಕೆ ಅನುಕೂಲವಲ್ಲದೆ ಬೇರೆ ಸಮರ್ಥನೆ ನನಗೆ ಕಾಣುತ್ತಿಲ್ಲ.

ಪ್ರಯೋಗಾಲಯದ ಇಲಿಯನ್ನು ಮನೆಯಲ್ಲಿಡುವುದು ವಿಚಿತ್ರವೆನ್ನುವವರು ಅದರ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಬಣ್ಣಬಣ್ಣದ ಇಲಿಗಳನ್ನು ಹವ್ಯಾಸಕ್ಕಾಗಿ ಸಾಕುತ್ತಿದ್ದ ಇಂಗ್ಲೆಂಡಿನವರು 1895ರಲ್ಲೇ ಅದಕ್ಕೊಂದು ರಾಷ್ಟ್ರೀಯ ಸಂಘ ಕಟ್ಟಿದ್ದರು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಗ್ರ್ಯಾನ್‌ಬಿ ಎಂಬ ಊರಿನಲ್ಲಿ ಆ್ಯಬಿ ಲಾಥ್ರೋಪ್ ಎಂಬ ಮಾಜಿ ಶಾಲಾ ಶಿಕ್ಷಕಿ ಇಲಿಗಳನ್ನು ಸಾಕುಪ್ರಾಣಿಗಳಾಗಿ ಮಾರಲೆಂದೇ ಬೆಳೆಸುತ್ತಿದ್ದರು. ಹಾರ್ವರ್ಡ್‌ನ ವಿಜ್ಞಾನಿಗಳು ಅಧ್ಯಯನಕ್ಕೆ ಇಲಿ ಕೊಂಡದ್ದು ಅವರಿಂದ. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಸಿ57 ಕಪ್ಪು ಇಲಿಯ ತಳಿ, 1921ರಲ್ಲಿ ರೂಪುಗೊಂಡದ್ದು, ಆಕೆಯ ಮನೆಯ ಇಲಿಗಳ ಸಂತತಿಯೇ. ಅಂದರೆ ಈ ಜೀವಿ ಮನೆಯಿಂದ ಪ್ರಯೋಗಾಲಯಕ್ಕೆ ಹೋದದ್ದೇ ಹೊರತು ಬಿಲದಿಂದ ನೇರವಾಗಿ ಹೋದದ್ದಲ್ಲ. ನಮ್ಮಲ್ಲಿಯೂ 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ನಾಯಿ, ಬೆಕ್ಕು, ಮೊಲಗಳ ಜೊತೆಗೆ ಇಲಿ ಜಾತಿಯ ಪ್ರಾಣಿಗಳನ್ನೂ ಸಾಕುಪ್ರಾಣಿಗಳೆಂದೇ ಹೆಸರಿಸಿವೆ.

ದತ್ತು ಪಡೆಯಲು ಮನಸ್ಸು ಮಾಡುವವರು ತಿಳಿದಿರಬೇಕಾದ ಮುಖ್ಯ ಸಂಗತಿ ಗಂಡು ಹೆಣ್ಣುಗಳನ್ನು ಬೇರೆ ಇಡುವುದು. ಇಲಿ ಸುಮಾರು ಆರು ವಾರಕ್ಕೆ ಪ್ರಾಯಕ್ಕೆ ಬರುತ್ತದೆ, ಗರ್ಭ ಧರಿಸಿದ ಮೂರು ವಾರದೊಳಗೆ ಆರೆಂಟು ಮರಿ ಹಾಕುತ್ತದೆ, ಹೆತ್ತ ಒಂದೇ ದಿನದಲ್ಲಿ ಮತ್ತೆ ಗರ್ಭ ಕಟ್ಟಬಲ್ಲದು. ಅಂಗಡಿಯಲ್ಲಿ ಜೋಡಿ ಎಂದು ಕೊಟ್ಟದ್ದನ್ನು ನಂಬಿ ತಂದವರ ಮನೆಯಲ್ಲಿ ಕೆಲವೇ ತಿಂಗಳಲ್ಲಿ ಪಂಜರ ಸಾಲದಾಗುವುದು ಹೀಗೆಯೇ. ಹೆಣ್ಣಿಲಿಗಳು ಎರಡು ಮೂರು ಒಟ್ಟಿಗೆ ಇದ್ದರೆ ಒಂದನ್ನೊಂದು ನೆಕ್ಕಿ ಸವರಿಕೊಂಡು ಒಂದೇ ಗೂಡಿನಲ್ಲಿ ಮಲಗುತ್ತವೆ. ಬೆಳೆದ ಗಂಡುಗಳನ್ನು ಒಟ್ಟಿಗೆ ಬಿಟ್ಟರೆ ರಕ್ತ ಬರುವಂತೆ ಕಚ್ಚಾಡುತ್ತವೆ. ನಮ್ಮ ಮನೆಯಲ್ಲಿ ಹೀಗೆ ಬಂದ ಹೆಣ್ಣಿಲಿಗಳಿವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದು, ಹಾಕಿಟ್ಟ ಟಿಶ್ಯೂ ಕಾಗದವನ್ನು ಮುಂಗಾಲುಗಳಲ್ಲಿ ಹಿಡಿದು ಉದ್ದುದ್ದ ಎಳೆಗಳಾಗಿ ಸೀಳಿ, ಬಾಯಲ್ಲಿ ಕಚ್ಚಿಕೊಂಡು ಮೂಲೆಗೆ ಒಯ್ದು, ಮೇಲೆ ಮುಚ್ಚಳವೂ ಇರುವಂತೆ ದುಂಡನೆಯ ಗೂಡು ಕಟ್ಟುತ್ತವೆ. ಪಂಜರ ತೊಳೆದ ದಿನ ಈ ಕೆಲಸವೆಲ್ಲ ಮೊದಲಿಂದ ಶುರು. ಹಳೆಯ ಗೂಡಿನ ಒಂದು ಹಿಡಿಯನ್ನು ಹೊಸ ಹಾಸಿನಲ್ಲಿ ಬಿಟ್ಟರೆ ಅವು ಗಾಬರಿಯಾಗುವುದು ಕಡಿಮೆ.

ಬಾಲ ಹಿಡಿದು ಎತ್ತುವ ಅಭ್ಯಾಸವನ್ನು ಮಾತ್ರ ಮಕ್ಕಳಿಗೆ ಕಲಿಸಲೇಬಾರದು. ಹಾಗೆ ಎತ್ತಿದ ಇಲಿಗಳು ಮನುಷ್ಯರ ಕೈ ಕಂಡರೆ ಹೆದರುತ್ತವೆ, ಬೊಗಸೆಯಲ್ಲೋ ಕೊಳವೆಯಲ್ಲೋ ಎತ್ತಿದವು ತಾವಾಗಿ ಹತ್ತಿರ ಬರುತ್ತವೆ ಎಂಬುದನ್ನು ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ತೋರಿಸಿಕೊಟ್ಟರು. ಟವೆಲ್ ಪೇಪರ್ ಸುತ್ತಿ ಬರುವ ರಟ್ಟಿನ ಕೊಳವೆಯೇ ಇದಕ್ಕೆ ಸಾಕು. ಸಾಮಿಲ್‌ನಿಂದ ತಂದ ದೇವದಾರು, ಪೈನ್ ಮರದ ಹೊಟ್ಟನ್ನು ಹಾಸಬಾರದು. ಅದರ ಘಾಟು ಇಲಿಯ ಉಸಿರಿಗೆ ಒಳ್ಳೆಯದಲ್ಲ. ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಿ ಗಾಜಿನ ತೊಟ್ಟಿಯಲ್ಲಿಟ್ಟರೆ ಬದುಕುವುದು ಕಷ್ಟ. ಆಯುಷ್ಯ ಹೆಚ್ಚೆಂದರೆ ಎರಡು ವರ್ಷದ ಆಸುಪಾಸು. ಇದನ್ನು ಮೊದಲೇ ಮಕ್ಕಳಿಗೆ ತಿಳಿಸಿ ಹೇಳದೆ ತಂದುಕೊಡುವುದು ತರವಲ್ಲ. ಹತ್ತು ಹದಿನೈದು ವರ್ಷದ ಹೊಣೆ ಹೊರಲಾಗದ ಹಿರಿಯರಿಗೆ ಇದೇ ಅಲ್ಪಾಯುಷ್ಯ ಅನುಕೂಲವೂ ಹೌದು.

ಇಷ್ಟನ್ನೂ ಹೇಳಿದ್ದು ಸಾಕಿದ ತಳಿಯ ಇಲಿಗಳ ಬಗ್ಗೆ. ಅಡುಗೆಮನೆಗೆ ನುಗ್ಗುವ, ಹೊಲದಲ್ಲಿ ತೆನೆ ಕಡಿಯುವ ಇಲಿಗಳನ್ನು ಹಿಡಿದು ಸಾಕಿ ಎಂದು ಯಾರಿಗೂ ಹೇಳಲಾರೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ಇಲಿಜ್ವರ ಎಂಥದೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ, ಬೆಳೆ ಕಳೆದುಕೊಂಡ ರೈತನ ಸಿಟ್ಟೂ ನ್ಯಾಯವಾದದ್ದೇ. ಆದರೆ ಅಂಟು ಹಲಗೆಯ ವಿಷಯ ಬೇರೆ. ಅದರ ಮೇಲೆ ಸಿಕ್ಕಿಬಿದ್ದ ಇಲಿ ಕೂಡಲೇ ಸಾಯುವುದಿಲ್ಲ; ಬಿಡಿಸಿಕೊಳ್ಳಲು ಹೆಣಗಿ, ಚರ್ಮ ಕಿತ್ತು, ಹಸಿವು ಬಾಯಾರಿಕೆಯಿಂದ ಗಂಟೆಗಟ್ಟಲೆ ನರಳುತ್ತದೆ. ಇದರ ಬಳಕೆಯ ವಿರುದ್ಧ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2011ರಲ್ಲೇ ಸೂಚನೆ ಕೊಟ್ಟಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇಲಿಯನ್ನು ಕಾಗೆಯ ಜೊತೆ ಪೀಡಕ ಪ್ರಾಣಿಗಳ ಸಾಲಿಗೆ ಸೇರಿಸಿದ್ದ ಐದನೇ ಅನುಸೂಚಿಯೂ 2022ರ ತಿದ್ದುಪಡಿಯಿಂದಾಗಿ ಈಗ ಉಳಿದಿಲ್ಲ. ಹಲಗೆಗೆ ಅಂಟಿದ ಇಲಿ ಕಣ್ಣಿಗೆ ಬಿದ್ದರೆ ಕೈಗವಸು ಹಾಕಿಕೊಂಡು, ಅಂಟಿದ ಜಾಗಕ್ಕೆ ಅಡುಗೆ ಎಣ್ಣೆಯನ್ನು ಹತ್ತಿಯಿಂದ ಸ್ವಲ್ಪಸ್ವಲ್ಪವೇ ಸವರಿ ಸಡಿಲಿಸಬಹುದು. ಎಳೆದು ಬಿಡಿಸಲು ಹೋದರೆ ಕಾಲೇ ಮುರಿಯುತ್ತದೆ. ಚೇತರಿಸಿಕೊಂಡ ಮೇಲೆ ಅದನ್ನು ಹೊರಗೆ ಬಿಡುವುದೇ ಸರಿ, ಸಾಕಲು ಇಟ್ಟುಕೊಳ್ಳುವುದಲ್ಲ.

ಆದ್ದರಿಂದ ಇಲಿಗಳನ್ನು ಬಳಸುವ ಸಂಶೋಧನಾ ಸಂಸ್ಥೆಗಳ ಪ್ರಾಣಿ ನೈತಿಕ ಸಮಿತಿಗಳು, ಹೊರಗೆ ಕೊಡಬಹುದಾದ ಇಲಿಗಳನ್ನು ಪಶುವೈದ್ಯರ ಪ್ರಮಾಣಪತ್ರದೊಂದಿಗೆ, ಲಿಂಗ ಬೇರ್ಪಡಿಸಿ, ದತ್ತು ಪಡೆಯುವವರ ಮನೆ ನೋಡಿ ಒಪ್ಪಿಸುವ ವಿಧಾನವನ್ನು ಲಿಖಿತವಾಗಿ ರೂಪಿಸಬೇಕೆಂದು ಕೋರುತ್ತೇನೆ. ಇನ್ನೊಂದು ಅಡ್ಡಿ ಚಿಕಿತ್ಸೆಯದು. ಹಸು, ನಾಯಿಗಳಿಗೆ ಮದ್ದು ಕೊಡುವ ವೈದ್ಯರು ಊರೂರಲ್ಲಿ ಸಿಗುತ್ತಾರೆ. ಇಪ್ಪತ್ತು ಮೂವತ್ತು ಗ್ರಾಂ ತೂಗುವ ಪ್ರಾಣಿಗೆ ಔಷಧಿಯ ಪ್ರಮಾಣ ಲೆಕ್ಕ ಹಾಕಿ ಕೊಡಬಲ್ಲವರು ದೊಡ್ಡ ನಗರಗಳಲ್ಲೂ ವಿರಳ. ಬೀದರಿನ ನಮ್ಮ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಈ ಬಗ್ಗೆ ವೈದ್ಯರಿಗೆ ಕಿರು ತರಬೇತಿಯನ್ನೂ, ಸಾಕುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿಯನ್ನೂ ಒದಗಿಸಿದರೆ ದತ್ತು ಕೊಡುವವರಿಗೂ ಪಡೆಯುವವರಿಗೂ ಧೈರ್ಯ ಬರುತ್ತದೆ.

ಇಂತಿ,
ಓದುಗರೊಬ್ಬರು, ಮೈಸೂರು